ಮಸೂದೆ ಬೇಡವೆಂದ ಸೀನಿಯರ್

ನಮ್ಮ ಸೀನಿಯರ್ ವಕೀಲರ ಬಲಗೈ ತೋರುಬೆರಳಿಗೆ ತುದಿಯಿರಲಿಲ್ಲ. ಅವರ ಊರು ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತಂತೆ. ನಾನು ಬರೆದ ಅರ್ಜಿಯಲ್ಲಿ ತಪ್ಪು ಕಂಡರೆ ಆ ಮೊಂಡು ಬೆರಳನ್ನು ಪದದ ಮೇಲೆ ಒತ್ತಿ ಹಿಡಿದು, ನಾನೇ ಕಂಡುಹಿಡಿಯುವವರೆಗೆ ತೆಗೆಯುತ್ತಿರಲಿಲ್ಲ. "ಜಡ್ಜಿಗೆ ಅಳು ತೋರಿಸ್ಬೇಡಮ್ಮ, ಕಾನೂನು ತೋರ್ಸು" ಎನ್ನುತ್ತಿದ್ದರು.

ಜಾತಿ ಮೀರಿ, ಮನೆಯವರನ್ನು ಎದುರು ಹಾಕಿಕೊಂಡು, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಮಧ್ಯಾಹ್ನ ನನ್ನ ಊಟದ ಡಬ್ಬಿಗೆ ಕೈಹಾಕಿ, "ಏನು ರುಚಿ ಕಣಮ್ಮ ನಿನ್ನ ಫ್ರೆಂಡ್ ಕೈಯಡುಗೆ!" ಎಂದು ಅರ್ಧ ಖಾಲಿ ಮಾಡುತ್ತಿದ್ದರು. ನಜರ್‌ಬಾದಿನಲ್ಲಿ ನಾನೂ ಅವಳೂ ಒಂದೇ ಮನೆಯಲ್ಲಿರುವುದು ಅವರಿಗೆ ಗೊತ್ತಿತ್ತು. ಏನಾಗಿ ಇದ್ದೇವೆಂಬುದು ಗೊತ್ತಿರಲಿಲ್ಲ.

ಆ ವರ್ಷ, ಒಂದೇ ಲಿಂಗದ ಇಬ್ಬರು ಅದೇ ಕಾಯ್ದೆಯಡಿ ಮದುವೆಯಾಗಲು ಅವಕಾಶ ಕೋರಿ ಸಂಸದರೊಬ್ಬರು ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಸೀನಿಯರ್ ಕೆರಳಿ ಕೆಂಡವಾದರು. ಅದನ್ನು ವಿರೋಧಿಸಬೇಕೆಂದು ನಮ್ಮ ಸಂಸದರಿಗೊಂದು ಮನವಿ ಬರೆಸತೊಡಗಿದರು. ಬರೆದುಕೊಳ್ಳುತ್ತಿದ್ದವಳು ನಾನು. "ಇಂಥ ವಿಕೃತ ಸಂಬಂಧ..." ಎಂದಾಗ ಪೆನ್ನು ಕೆಳಗಿಟ್ಟೆ.

"ಸರ್, ನೀವು ದಿನಾ ತಿನ್ನೋ ಡಬ್ಬಿ ಕಟ್ಟೋಳು ನನ್ನ ಫ್ರೆಂಡ್ ಅಲ್ಲ. ನನ್ನ ಸಂಸಾರ. ನೀವೂ ಇದೇ ಕಾಯ್ದೇಲೇ ಮದ್ವೆ ಆದೋರಲ್ವಾ?"

"ಥೂ! ನಮ್ಮದು ಮದುವೆ ಕಣಮ್ಮ. ಇದು ರೋಗ. ಗೊತ್ತಿಲ್ದೆ ಅಂಥೋಳ ಕೈಯಡುಗೆ ತಿಂದ್ಬುಟ್ಟೆನಲ್ಲ! ಎದ್ದೋಗು."

ನಾಲ್ಕು ವರ್ಷದ ನಂಟು ಅಲ್ಲಿಗೆ ಮುಗಿಯಿತು. ಎದ್ದು ಬಂದವಳು ಮಸೂದೆಯ ಪರವಾಗಿ ನಮ್ಮ ಅದೇ ಸಂಸದರಿಗೆ ಮನವಿ ಬರೆದೆ. ಹಟಕ್ಕೆ ಸೀನಿಯರ್‌ಗೂ ಒಂದು ಪ್ರತಿ ಕಳಿಸಿದೆ. ವಾರದ ನಂತರ ಕೋರ್ಟಿನ ಮೆಟ್ಟಿಲ ಮೇಲೆ ಎದುರಾದರು. "ಮೂರನೇ ಪುಟದಲ್ಲಿ ಸೆಕ್ಷನ್ ತಪ್ಪಾಕಿದ್ದೀಯ. ತಿದ್ಕೋ. ತಿದ್ದಿದ್ರೂ ನೀವು ಸೋಲ್ಬೇಕು, ಸೋಲ್ತೀರ" ಎಂದು ಮುಖ ತಿರುಗಿಸಿಕೊಂಡು ಹೋದರು. ತೆರೆದು ನೋಡಿದೆ, ತಪ್ಪಾಗಿಯೇ ಇತ್ತು. ಅವರು ಹೇಳಿದ್ದು ಸರಿಯಾಗಿತ್ತೆಂಬುದೇ ಹೆಚ್ಚು ಉರಿಸಿತು.

ಮಸೂದೆ ಚರ್ಚೆಗೇ ಬರಲಿಲ್ಲ. ಲೋಕಸಭೆಯ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು. ಅಂದು ಕೋರ್ಟಿನ ಕ್ಯಾಂಟೀನಿನಲ್ಲಿ ಸೀನಿಯರ್ ಎಲ್ಲರಿಗೂ ಜಾಮೂನು ಹಂಚಿಸಿದರು. ನನ್ನ ಮುಂದೆಯೂ ಒಂದು ಬಟ್ಟಲು ಇಡಿಸಿದರು. ಮುಟ್ಟದೆ ಎದ್ದೆ.

ಹೋದ ವರ್ಷ ಅವರು ತೀರಿಕೊಂಡಾಗ ನಾವಿಬ್ಬರೂ ವಿದ್ಯಾರಣ್ಯಪುರಂನ ಅವರ ಮನೆಗೆ ಹೋದೆವು. ಅವರ ಹೆಂಡತಿ ಗೇಟಿನ ಬಳಿ ಬಂದು, "ನೀನು ಒಳಕ್ಕೆ ಬಾಮ್ಮ. ಅವಳು ಬೇಡ. ಅವ್ರೇ ಹೇಳೋಗಿದ್ದಾರೆ" ಎಂದರು.

"ಹಂಗಾದ್ರೆ ನಾನೂ ಇಲ್ಲೇ ಇರ್ತೀನಮ್ಮ" ಎಂದೆ. ಶವ ಹೊರಗೆ ತರುವವರೆಗೆ ಇಬ್ಬರೂ ಬಿಸಿಲಲ್ಲಿ, ರಸ್ತೆಯಲ್ಲೇ ನಿಂತಿದ್ದೆವು.

ಇವತ್ತು ನಾನು ವಾದಕ್ಕೆ ನಿಂತರೆ ನ್ಯಾಯಾಧೀಶರು ತಲೆಯೆತ್ತಿ ಕೇಳುತ್ತಾರೆ. ಅದು ಅವರಿಂದ ಬಂದದ್ದು, ಇಲ್ಲವೆನ್ನುವುದಿಲ್ಲ. ಆದರೆ ಅವರನ್ನು ನಾನು ಕ್ಷಮಿಸಿಲ್ಲ.