ಅಣ್ಣನ ಹಿಂಡಿನಲ್ಲಿ ನನ್ನ ಕುರಿಗಳು

ದೇವದುರ್ಗ, ಮಾನ್ವಿ ಕಡೆಯ ಕುರಿಗಳಿಗೆ ಹಾಕಿದ ಲಸಿಕೆಯ ವಿವರ ಇಡಲು ಒಂದು ಡೇಟಾಬೇಸ್ ಮಾಡುವ ಕೆಲಸ ರಾಯಚೂರಿನ ನಮ್ಮ ಸಣ್ಣ ಆಫೀಸಿಗೆ ಬಂದಿತ್ತು. ನನ್ನ ಕೈಕೆಳಗಿದ್ದ ಸಹೋದ್ಯೋಗಿ ಬೋರ್ಡಿನ ಮೇಲೆ ಎರಡು ಟೇಬಲ್ ಬರೆದ. ಒಂದು ಮಾಲೀಕರದು, ಇನ್ನೊಂದು ಹಿಂಡುಗಳದು. ಒಂದು ಹಿಂಡಿಗೆ ಒಬ್ಬನೇ ಮಾಲೀಕ.

"ಇದ್ರಾಗ ನನ್ನ ಕುರಿ ಎಲ್ಲಿ ಬರ್ತಾವ?" ಎಂದೆ.

"ನಿಮ್ಮವೂ ಕುರಿ ಅದಾವೇನ್ರೀ?"

ಇದ್ದವು. ನನ್ನ ಮದುವೆಯಲ್ಲಿ ಅಪ್ಪ ಎರಡು ಹೆಣ್ಣುಮರಿ ಕೊಟ್ಟಿದ್ದ. ನಮ್ಮ ಮನೆಗಳಲ್ಲಿ ಹಾಗೆ ಕೊಟ್ಟ ಮರಿಗಳು ತವರಿನ ಹಿಂಡಿನಲ್ಲೇ ಮೇಯುತ್ತವೆ. ಅವು ಈದ ಮರಿಗಳೂ ಮಗಳವೇ. ಗೊತ್ತಾಗಲೆಂದು ಕಿವಿಗೆ ಬೇರೆ ಗುರುತು ಮಾಡಿರುತ್ತಾರೆ. ಮಲ್ಲಟದ ಹತ್ತಿರ ಅಣ್ಣ ಮೇಯಿಸುವ ಹಿಂಡಿನಲ್ಲಿ ನನ್ನವಷ್ಟೇ ಅಲ್ಲ, ತಂಗಿಯವೂ ಸೋದರತ್ತೆಯವೂ ಇವೆ. ಇದನ್ನೆಲ್ಲ ಅವನಿಗೆ ಹೇಳಿದೆ.

"ಹಂಗಾದ್ರ ಮೂರನೇ ಟೇಬಲ್ ಬೇಕಾಗ್ತದ್ರೀ. ಹುಡುಕೋದು ನಿಧಾನ ಆಗ್ತದ. ಅಣ್ಣನ ಹೆಸರೊಂದು ಹಾಕಿದ್ರ ಸಾಲಂಗಿಲ್ಲೇನ್ರೀ?"

ನನಗೆ ಸಿಟ್ಟು ನೆತ್ತಿಗೇರಿತು. "ಇಂಡೆಕ್ಸ್ ಹಾಕಪ್ಪ, ನಿಧಾನ ಆಗಂಗಿಲ್ಲ," ಎಂದು ಅವನ ಕೈಯಿಂದ ಪೆನ್ನು ಕಿತ್ತುಕೊಂಡು ನಾನೇ ಮೂರನೇ ಟೇಬಲ್ ಬರೆದೆ. ಯಾವ ಹಿಂಡು, ಅದರಲ್ಲಿ ಯಾರ್ಯಾರ ಕುರಿ, ಅವುಗಳ ಕಿವಿಯ ಗುರುತು ಏನು, ಇಷ್ಟೇ.

ಪರೀಕ್ಷೆ ಮಾಡಿ ನೋಡಲು ನಿಜವಾದ ವಿವರ ಬೇಕಿತ್ತು. ಅಣ್ಣನಿಗೆ ಫೋನ್ ಮಾಡಿ ನನ್ನ ಕುರಿಗಳ ಲೆಕ್ಕ ಕೇಳಿದೆ.

"ಯಾಕಬೇ ತಂಗಿ, ಮಾರಾಕತ್ತೀಯೇನು?"

"ಇಲ್ಲಣ್ಣಾ, ಬರಿಯಾಕತ್ತೀನಿ."

ಅವು ನನ್ನವೆಂದು ಊರಿಗೆಲ್ಲ ಗೊತ್ತಿತ್ತು. ನನ್ನ ಹೆಸರಿನ ಮುಂದೆ ಬರೆದದ್ದು ಮಾತ್ರ ಅದೇ ಮೊದಲು.