ನಾಯಿಯ ಹಿಂದೆ ಓಡುತ್ತಿದ್ದ ಭಾವ

ನಮ್ಮ ಭಾವ ಬೆಟ್ಟೇಗೌಡರು ನನ್ನೊಡನೆ ಮಾತಾಡುತ್ತಿದ್ದುದು ನಾಯಿಯ ಮೂಲಕ. ಗಂಡನ ಅಣ್ಣನ ಎದುರು ನಿಲ್ಲುವುದು, ಮುಖ ನೋಡಿ ಮಾತಾಡುವುದು ಆಗ ನಮ್ಮಲ್ಲಿ ಇರಲಿಲ್ಲ. ಐವತ್ತರ ದಶಕದ ಮೊದಲಿಗೆ ಹಿರೀಸಾವೆ ಕಡೆಯಿಂದ ಹೊಳೆನರಸೀಪುರದ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದ ನಾನು ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತರೆ, ಅವರು ಮುದ್ದೆ ಮುರಿಯುತ್ತ ಪಕ್ಕದ ಬೇಟೆನಾಯಿಗೆ ಹೇಳುವರು: "ಬೋಳಾ, ಸಾರಿಗೆ ಉಪ್ಪು ಆಕಿಲ್ಲ ಅಂತ ನಿಮ್ಮವ್ವುಂಗೆ ಯೋಳ್ಲಾ."

ನಾನೇನು ಬಾಯಿಲ್ಲದವಳೇ? "ಬೋಳಾ, ನಿಂಗೆ ಗಂಜಿ ಕಾಯ್ಸಿ ಕಾಯ್ಸಿ ನನ್ನ ಕೈ ಬಿದ್ದೋಗದೆ, ಉಪ್ಪು ಎಲ್ಲಿ ಗ್ಯಾಪ್ಕ ಇರ್ತದೆ ಅಂತ ನಿಮ್ಮಪ್ಪುಂಗೆ ಯೋಳು" ಅನ್ನುತ್ತಿದ್ದೆ. ಬೋಳ ಇಬ್ಬರನ್ನೂ ನೋಡಿ ಬಾಲ ಅಲ್ಲಾಡಿಸುತ್ತಿತ್ತು.

ಭಾವನಿಗೆ ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಈಟಿ, ಒಂದು ನಾಯಿ. ಹೊಳೆಯ ಜೊಂಡಿನಿಂದ ಹಂದಿಗಳು ಎದ್ದು ಬಂದು ನಮ್ಮ ರಾಗಿ, ಕಬ್ಬು ಉಳುತ್ತಿದ್ದವು. ಕೋವಿಯನ್ನು ಅವರು ಮುಟ್ಟಿದವರಲ್ಲ. ನಾಯಿ ಬೊಗಳುತ್ತ ಅಟ್ಟಿಸಿಕೊಂಡು ಹೋಗಬೇಕು. ಬೊಗಳು ನಿಂತಿತೆಂದರೆ ಹಂದಿಯ ಕಿವಿ ಕಚ್ಚಿ ಹಿಡಿದಿದೆ ಎಂದು ಅರ್ಥ. ಆಮೇಲೆ ಇವರು ಪಂಚೆ ಎತ್ತಿ ಕಟ್ಟಿ ಓಡಬೇಕು. ಏನು ಓಟ ಅಂತೀರಿ! ನಾನು ಬದುವಿನ ಮೇಲೆ ನಿಂತು "ಅಯ್ಯೋ" ಅನ್ನುವಷ್ಟರಲ್ಲಿ ಅವರು ಉತ್ತ ಹೊಲ ದಾಟಿ ಈಟಿ ಇಳಿಸಿದ್ದನ್ನು ಕಂಡಿದ್ದೇನೆ. ಊರವರು ನಾಯಿಯನ್ನು ಹೊಗಳಿದರೆ ಅವರದ್ದೊಂದೇ ಮಾತು: "ನಾಯಿ ಅಂದಿ ಇಡಿಯೋದು ತನ್ನ ಅಲ್ಲು ನಂಬ್ಕಂಡಲ್ಲ ಕಣ್ಲಾ, ನನ್ನ ಕಾಲು ನಂಬ್ಕಂಡು."

ಆ ಕಾಲೇ ಕೈಕೊಟ್ಟಿತು. ಮಂಡಿ ಊದತೊಡಗಿತು. ಸುಡುಗಾಡು ಬೇಟೆ ಬಿಡಬಾರದೇ ಎಂದು ನನ್ನ ಗಂಡ ಗೊಣಗಿದರೂ ಕೇಳಲಿಲ್ಲ. ಒಂದು ಬೆಳಗ್ಗೆ ಕಬ್ಬಿನ ಗದ್ದೆಯಲ್ಲಿ ಬೋಳನ ಬೊಗಳು ನಿಂತಿತು. ಇವರು ಓಡಿದರು, ಕುಂಟಿದರು, ಮತ್ತೆ ಓಡಿದರು. ಬರುವಾಗ ಬೋಳನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದರು. ಹೊಟ್ಟೆ ಸೀಳಿಹೋಗಿತ್ತು. ನಾನು ಅರಿಸಿನ ಮೆತ್ತಿ ದಬ್ಬಳದಲ್ಲಿ ಹೊಲಿದೆ. ಅವರು ತಲೆ ಹಿಡಿದುಕೊಂಡು, "ತಡ ಮಾಡ್ಬುಟ್ಟೆ ಕಣ್ಲಾ, ತಡ ಮಾಡ್ಬುಟ್ಟೆ" ಎನ್ನುತ್ತಲೇ ಇದ್ದರು. ಹೊತ್ತು ನೆತ್ತಿಗೆ ಬರುವ ಮೊದಲೇ ಅದು ಹೋಯಿತು. ದಿನಾ ಶಾಪ ಹಾಕುತ್ತಿದ್ದ ನಾನೇ ಒಲೆ ಮುಂದೆ ಕೂತು ಅತ್ತೆ.

ಈಟಿ ಅಟ್ಟಕ್ಕೆ ಹೋಯಿತು. ಬೋಳನ ಮಗಳು ಕೆಂಪಿಯನ್ನು ಕಟ್ಟಿಯೇ ಸಾಕಿದರು. ಅವಳಿಗೋ, ಹಂದಿಯ ಗಾಳಿ ಬಡಿದರೆ ಸಾಕು, ಗೂಟ ಕೀಳುವಂತೆ ಎಳೆದಾಡುವಳು. ಇವರು ಎದ್ದು ಹೋಗಿ ಅವಳ ಕಿವಿ ಮುಚ್ಚಿ ಹಿಡಿದು ಕೂರುವರು.

ಅರವತ್ತರ ದಶಕದ ಒಂದು ರಾಗಿ ಕುಯ್ಲು. ಅರಕಲಗೂಡು ಕಡೆಯ ಆಳುಗಳು ಕುಯ್ಯುತ್ತಿದ್ದರು. ಕೊನೆಗುಳಿದ ಪೈರಿನೊಳಗಿಂದ ದೊಡ್ಡ ಒಂಟಿಗ ಹಂದಿ ಗುಟುರು ಹಾಕಿತು. ಕೆಂಪಿಯ ಹಗ್ಗ ಭಾವನ ಕೈಯಲ್ಲಿತ್ತು.

"ಬುಡಿ ಗೌಡ್ರೇ, ಬುಡಿ!" ಎಂದು ಎಲ್ಲರೂ ಕೂಗಿದರು. ಪಕ್ಕದ ಹೊಲದವನೊಬ್ಬ, "ಅಂದಿ ಇಡೀದೆ ಇರೋ ನಾಯಿಗೆ ಮುದ್ದೆ ಯಾಕೆ ದಂಡ?" ಎಂದು ನಕ್ಕ. ಭಾವ ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡರು.

"ಬುಟ್ರೆ ಇಡೀತಾಳೆ. ಇಡುದ್ರೆ ನಾನು ಓಗ್ಬೇಕು. ಓಗಾಕೆ ಕಾಲೆಲ್ಲವ್ಲಾ?"

ಕೆಂಪಿ ಉಸಿರು ಕಟ್ಟುವಂತೆ ಎಳೆಯುತ್ತಿದ್ದಳು. ಅವರ ಅಂಗೈ ಸುಲಿದು ರಕ್ತ ಬಂತು. ಹಗ್ಗ ಜಾರಿತು. ಕೆಂಪಿ ಪೈರಿನೊಳಗೆ ನುಗ್ಗಿದಳು, ಬೊಗಳಿದಳು. ಬೊಗಳು ನಿಂತಿತು.

ಭಾವ ಓಡಲು ಹೋಗಿ ಬದುವಿಗೆ ಎಡವಿ ಬಿದ್ದರು. "ಭಾವಾ!" ಎಂದೆ. ಅದೇ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು. ಸೆರಗು ಎಲ್ಲಿ ಹೋಯಿತೋ, ಆಳುಗಳ ಮೇಲೆ ಹಾರಿಬಿದ್ದೆ: "ನಿಂತ್ಕಂಡ್ ಏನ್ ನೋಡ್ತೀರ್ರೋ? ಓಡ್ರೋ! ಕೆಂಪಿ ಸಾಯ್ತಾಳೆ!"

ಸಿದ್ದ ಎಂಬ ಹರೆಯದ ಆಳೊಬ್ಬ ಗಾಡಿಯ ಗೂಟ ಕಿತ್ತುಕೊಂಡು ಓಡಿದ. ಪೈರು ಅಲ್ಲಾಡಿತು. ಹಂದಿಯ ಕಿರುಚಾಟ ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಕೊನೆಗೆ ಸಿದ್ದ ಬಂದ. ಹಿಂದೆ ಕುಂಟುತ್ತ ಕೆಂಪಿ.

ಭಾವ ಕೂತಲ್ಲಿಂದಲೇ ಹಗ್ಗವನ್ನು ಅವನ ಕೈಗಿಟ್ಟರು. "ಇವತ್ತಿಂದ ನಿನ್ನೋಳು ಕಣ್ಲಾ."

"ಬ್ಯಾಡಿ ಗೌಡ್ರೇ, ಮನೆ ಮಗಳಂಗೆ ಸಾಕಿದೀರಿ."

"ಕರ್ಕಂಡೋಗು. ಅವಳು ಕೆಲಸದ ನಾಯಿ, ಮುದುಕುನ್ ತಾವ ಕೊಳೀಬಾರ್ದು. ನೀನು ತಡ ಮಾಡ್ಬ್ಯಾಡ, ಅಷ್ಟೇಯ."

ಕುಯ್ಲು ಮುಗಿದ ಮೇಲೆ ಕೆಂಪಿ ಆಳುಗಳ ಜೊತೆ ಹೋದಳು. ಭಾವ ಅವಳ ಗಂಜಿ ಮರಿಗೆಯನ್ನು ತೊಳೆದು ಬಿಸಿಲಿಗಿಟ್ಟರು. ನನಗೆ ನೋಡಲಾಗದೆ ಒಳಗೆ ತಂದಿಟ್ಟೆ.

ಅರವತ್ತರ ದಶಕ ಮುಗಿಯುತ್ತ ಬಂದಾಗ ಅವರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಸುದ್ದಿ ತಿಳಿದು ಸಿದ್ದ ಬಂದ. ಭಾವನ ಕಣ್ಣು ಅವನ ಹಿಂದೆ ಬಾಗಿಲ ಕಡೆ ಹೋಯಿತು.

"ಎಲ್ಲಿ ಅವಳು?"

"ಆಸ್ಪತ್ರೆ ಒಳಕ್ಕೆ ನಾಯಿ ಬುಡಾಕಿಲ್ಲ ಗೌಡ್ರೇ."

"ಗೇಟ್ ತಾವ ಕಟ್ಟಿದ್ದೀಯಾ?"

ಸಿದ್ದ ನೆಲ ನೋಡುತ್ತ ನಿಂತ.

"ನಿಂಗೂ ತಡ ಆಯ್ತೇನ್ಲಾ?"

ಅಷ್ಟು ದೊಡ್ಡ ಆಳು ಮಂಚದ ಕಾಲು ಹಿಡಿದು ಬಿಕ್ಕಳಿಸಿದ. ಬೈಯುತ್ತಾರೆಂದು ನನಗೆ ಭಯವಾಯಿತು. ಭಾವ ಅವನ ತಲೆಯ ಮೇಲೆ ಕೈಯಿಟ್ಟರು. "ಅಳ್ಬ್ಯಾಡ. ಎಲ್ಲಾರ್ಗೂ ಒಂದಿನ ತಡ ಆಯ್ತದೆ ಕಣ್ಲಾ." ಬೋಳ ಸತ್ತಂದಿನಿಂದ ತಮಗೆ ತಾವು ಒಮ್ಮೆಯೂ ಹೇಳಿಕೊಳ್ಳದ ಮಾತನ್ನು ಅವನಿಗೆ ಹೇಳಿದರು.

ಸಿದ್ದ ಹೋದ ಮೇಲೆ ನನ್ನ ಕಡೆ ತಿರುಗಿ, "ನಾಳೀಕೆ ಒಸಿ ಉಪ್ಸಾರು ತತ್ತೀಯೇನವ್ವಾ?" ಎಂದರು.

ಮಾರನೆಯ ದಿನ ಕೋಳಿ ಕೂಗುವಾಗಲೇ ಎದ್ದು ಮಾಡಿದೆ. ಹೊಳೆನರಸೀಪುರದಲ್ಲಿ ರೈಲ್ವೆ ಗೇಟು ಹಾಕಿತ್ತು, ಬಸ್ಸು ನಿಂತೇ ನಿಂತಿತು. ಬುತ್ತಿ ಹಿಡಿದು ವಾರ್ಡಿಗೆ ಹೋದರೆ, ಮಂಚದ ಮೇಲಿನ ಹಾಸಿಗೆಯನ್ನು ಸುತ್ತಿಟ್ಟಿದ್ದರು.