ಮಳೆಗೂ ಮುಚ್ಚದ ಬಿರುಕು

2019ರ ಜೂನ್. ನಾನು ಆಗ ನವಲಗುಂದದಲ್ಲಿ ಸರ್ಕಾರಿ ಕಟ್ಟಡಗಳ ಉಸ್ತುವಾರಿ ನೋಡುವ ಎಂಜಿನಿಯರ್. ನಮ್ಮ ಕಡೆಯ ಎರೆಮಣ್ಣು ಬೇಸಿಗೆಗೆ ಒಣಗಿ ಕುಗ್ಗುತ್ತದೆ, ಮಳೆಗೆ ನೆನೆದು ಹಿಗ್ಗುತ್ತದೆ. ನಡುವೆ ಗೋಡೆ ಸೀಳುತ್ತದೆ. ಮೊರಬದಲ್ಲಿ ಶಾಲೆ ಬಿರಿದರೂ ಯಮನೂರಿನಲ್ಲಿ ಅಂಗನವಾಡಿ ಬಿರಿದರೂ ನನಗೇ ಕರೆ. ಸಹೋದ್ಯೋಗಿಗಳು ‘ಬಿರುಕಪ್ಪ’ ಎಂದು ಕಾಡಿಸುತ್ತಿದ್ದರು. ಒಳಗೊಳಗೇ ನನಗದು ಹೆಮ್ಮೆಯಾಗಿತ್ತು.

ಆ ಹೆಮ್ಮೆಯನ್ನು ಹೊತ್ತುಕೊಂಡೇ ಕರಾವಳಿಯ ಹಳೆಯ ಬಂದರು ಪಟ್ಟಣವೊಂದಕ್ಕೆ ಹೋದೆ. ಕೋಟೆಯ ಪಕ್ಕದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಪ್ರವಾಸಿ ಮಂದಿರದ ಗೋಡೆಗಳು ಬಿರಿದಿದ್ದವು. ಅದನ್ನು ಉಳಿಸಬೇಕೋ ಕೆಡವಬೇಕೋ ಎಂದು ಹೊರಗಿನ ಎಂಜಿನಿಯರ್ ಒಬ್ಬರು ವರದಿ ಕೊಡಬೇಕಿತ್ತು. ಎರಡು ದಿನ ಅಲ್ಲಿಯೇ ವಾಸ್ತವ್ಯ.

ಅಲ್ಲಿ ಅಡುಗೆ ಮಾಡುತ್ತಿದ್ದ ಶಾಂತವ್ವ ನಮ್ಮ ತಾಲ್ಲೂಕಿನ ತಿರ್ಲಾಪುರದವಳು. ಗಂಡ ಅಲ್ಲಿಯೇ ಕಾವಲುಗಾರನಾಗಿದ್ದ. ಆತ ತೀರಿಕೊಂಡ ಮೇಲೆ ಆಕೆ ಮಗಳೊಂದಿಗೆ ಹಿಂಬದಿಯ ಕೋಣೆಯಲ್ಲಿದ್ದಳು. ಕಟ್ಟಡ ಹೋದರೆ ಕೆಲಸವೂ ಹೋಗುತ್ತಿತ್ತು, ಸೂರೂ ಹೋಗುತ್ತಿತ್ತು.

ನಾನು ಒಂದು ಸುತ್ತು ಹಾಕಿದೆ. ಕಿಟಕಿಗಳ ಮೇಲೆ ಉದ್ದುದ್ದ ಬಿರುಕು. ಇಂಥವನ್ನು ಎಷ್ಟು ನೋಡಿಲ್ಲ ಎಂದುಕೊಂಡು, ಒಂದು ಗುದ್ದಲಿಯನ್ನೂ ತರಿಸದೆ, ‘ಅಡಿಪಾಯ ಕುಸಿದಿದೆ, ಕೆಡವುವುದು ಸೂಕ್ತ’ ಎಂದು ಕರಡು ಬರೆದುಬಿಟ್ಟೆ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಸುತ್ತಾ ಶಾಂತವ್ವ ಕೇಳಿದಳು: “ಸಾಹೇಬ್ರ, ಕೆಡವ್ರಿ ಅಂತ ಬರದ್ರೇನ್ರಿ?”

“ಬುನಾದಿ ಕುಂತೈತಿ ತಂಗಿ. ಊರಾಗ ಮನಿ ಬಿರಿಯೂದು ನೀ ನೋಡಿಲ್ಲೇನು?”

“ನೋಡೇನ್ರಿ. ನಮ್ಮ ಮನಿ ಗ್ವಾಡಿ ಬ್ಯಾಸಗ್ಯಾಗ ಬೆರಳು ಹೋಗೂವಷ್ಟು ಬಾಯಿ ಬಿಡ್ತಿತ್ತು, ಮಳಿ ಆದ ಮ್ಯಾಲ ಮುಚ್ಚತಿತ್ತು. ಇಲ್ಲಿ ಹನ್ನೊಂದು ಮಳಿಗಾಲ ಕಳದೇನ್ರಿ, ಇದು ಒಮ್ಮೆನೂ ಮುಚ್ಚಿಲ್ಲ.”

ಹೊರಗೆ ಮಳೆ ಸುರಿಯುತ್ತಲೇ ಇತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಎರೆಮಣ್ಣಿನ ಬಿರುಕಲ್ಲವಾದರೆ ಇದು ಮತ್ತೇನು? ಕುತೂಹಲ ತಡೆಯಲಾಗದೆ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ.

ಮಳೆ ಬಿಡುವು ಕೊಟ್ಟಾಗ ಗೋಡೆಯ ಬುಡದಲ್ಲಿ ಮೂರು ಕಡೆ ಅಗೆಸಿದೆ. ಅಡಿಪಾಯ ಗಟ್ಟಿ ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತಿತ್ತು, ಒಂದಿಷ್ಟೂ ಕದಲಿರಲಿಲ್ಲ. ನಂತರ ಕಿಟಕಿಯ ಮೇಲಿನ ಗಾರೆ ಕೆತ್ತಿಸಿದೆ. ಲಿಂಟಲ್, ಅಂದರೆ ಕಿಟಕಿಯ ಮೇಲಿನ ಭಾರ ಹೊರುವ ಕಾಂಕ್ರೀಟ್ ತೊಲೆ, ಅದರೊಳಗಿನ ಸರಳುಗಳು ತುಕ್ಕು ಹಿಡಿದು ಪದರಪದರವಾಗಿ ಎದ್ದಿದ್ದವು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಉಪ್ಪುಗಾಳಿಯ ಕೆಲಸ ಅದು. ಲಿಂಟಲ್‌ಗಳನ್ನು ಬದಲಿಸಿದರೆ ಸಾಕಿತ್ತು.

ಕರಡನ್ನು ಹರಿದು ಹೊಸದಾಗಿ ಬರೆದೆ. ಮುಂದಿನ ಬೇಸಿಗೆಯೊಳಗೆ ದುರಸ್ತಿ ಮುಗಿಯಿತು, ತಾಯಿ ಮಗಳು ಅಲ್ಲಿಯೇ ಉಳಿದರು. ವರದಿಗೆ ಸಹಿ ನನ್ನದು. ಪತ್ತೆ ಹಚ್ಚಿದವಳ ಹೆಸರು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.

ನಿವೃತ್ತಿಯಾಗುವವರೆಗೂ ನಾನು ಯಾವ ಕಟ್ಟಡಕ್ಕೆ ಹೋದರೂ ಟೇಪು ಹಿಡಿಯುವ ಮೊದಲು ಒಳಗೆ ಬಾಳುವವರನ್ನು ಕೂರಿಸಿಕೊಂಡು ಕೇಳುತ್ತಿದ್ದೆ: “ಇದು ಯಾವಾಗ ಬಿರಿತೈತ್ರಿ, ಯಾವಾಗ ಮುಚ್ಚತೈತ್ರಿ?”